ಪಂಪಿಂಗ್ 28ರಿಂದ 42ಕ್ಕೆ ಬಂದಿದೆ, ಆದರೂ ಅಪ್ಪ ಮೋರಿ ದಾಟಲ್ಲ. ಯಾಕೆ?

ತಿಪಟೂರಿನ ಮಗಳು

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 66 ವರ್ಷ. ಎರಡು ವರ್ಷದ ಹಿಂದೆ ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿದ್ದರು. ಆಗ ಎಕೋದಲ್ಲಿ ಪಂಪಿಂಗ್ 28 ಇತ್ತು. ಕಳೆದ ವಾರ ಮಾಡಿಸಿದಾಗ 42 ಬಂತು. ಡಾಕ್ಟರು ಒಳ್ಳೆ ಸುಧಾರಣೆ, ಇದೇ ಮಾತ್ರೆ ಮುಂದುವರಿಸಿ ಅಂದರು. ನಾವು ದಾರಿಯಲ್ಲಿ ಸ್ವೀಟ್ ತಗೊಂಡು ಮನೆಗೆ ಬಂದ್ವಿ.

ಅಪ್ಪ ಮಾತ್ರ ಏನೂ ಮಾತಾಡಲಿಲ್ಲ. ಮನೆಯಿಂದ ತೋಟಕ್ಕೆ ಅರ್ಧ ಕಿಲೋಮೀಟರು. ಮಧ್ಯದಲ್ಲಿ ಒಂದು ಮೋರಿ ಇದೆ. ಅಲ್ಲಿಗೆ ಹೋಗುವಷ್ಟರಲ್ಲಿ ಕೂತುಬಿಡ್ತಾರೆ. ಕೇಳಿದ್ರೆ, "ದಮ್ಮು ಬರುತ್ತೆ ನಿಜ, ಅದಕ್ಕಿಂತ ಜಾಸ್ತಿ ತೊಡೆ ಸೋತುಹೋಗುತ್ತೆ. ಈ ಕಾಲು ನಂದಲ್ವೇನೋ ಅನ್ಸುತ್ತೆ" ಅಂತಾರೆ. ಐವತ್ತು ವರ್ಷ ಆ ತೋಟದಲ್ಲಿ ಗುದ್ದಲಿ ಹಿಡಿದು ಕೆಲಸ ಮಾಡಿದ ಮನುಷ್ಯ ಅವರು.

ಮನೆಯಲ್ಲಿ ಈಗ ಎರಡು ಪಕ್ಷ. ರಿಪೋರ್ಟು ಚೆನ್ನಾಗಿದೆ, ಅಪ್ಪ ಮನಸ್ಸು ಮಾಡ್ತಿಲ್ಲ ಅಷ್ಟೆ ಅಂತ ಅಣ್ಣ. ಅಮ್ಮನಿಗೆ ಅವರು ಎದ್ದು ಓಡಾಡಿದರೇ ಭಯ, ನೀರಿನ ಚೊಂಬನ್ನೂ ಕೈಗೇ ತಂದು ಕೊಡ್ತಾರೆ. ಫೈಲಿನಲ್ಲಿ "ಹಾರ್ಟ್ ಫೇಲ್ಯೂರ್" ಅಂತ ಬರೆದಿದ್ದನ್ನು ಯಾರೋ ಓದಿ ಹೇಳಿದ ದಿನ ಅಮ್ಮ ಊಟ ಮಾಡಲಿಲ್ಲ. ನಮ್ಮ ಕಡೆ ಹಾರ್ಟ್ ಫೇಲ್ ಆಯ್ತು ಅಂದ್ರೆ ತೀರಿಕೊಂಡರು ಅಂತಲೇ ಅರ್ಥ.

ಪಂಪಿಂಗ್ ಏರಿದ ಮೇಲೂ ಶಕ್ತಿ ಯಾಕೆ ಬರ್ತಿಲ್ಲ? ಅಪ್ಪ ನಡೀಬೇಕೋ, ಕೂರಬೇಕೋ? ಗೊತ್ತಿರೋರು ದಯವಿಟ್ಟು ಹೇಳಿ.

ಹಳೇಬೀಡು ರಸ್ತೆ

ಬೀಟಾ ಬ್ಲಾಕರ್ ಅಂತ ನಾಡಿ ನಿಧಾನ ಮಾಡೋ ಮಾತ್ರೆ ಕೊಟ್ಟಿರಬೇಕು ನೋಡಿ. ಅದೇ ಸುಸ್ತು ಮಾಡೋದು. ನಮ್ಮ ಮಾವ ಒಂದು ತಿಂಗಳು ಬಿಟ್ಟು ನೋಡಿದರು, ಆರಾಮಾಗಿದ್ದರು.

ಹೃದಯ ವಿಭಾಗದ ಪಿಜಿ

ಅಕ್ಕಾ, ಮೊದಲು ಒಂದು ಮಾತು. ಮೇಲಿನ ಸಲಹೆ ದಯವಿಟ್ಟು ಪಾಲಿಸಬೇಡಿ. ಆ ಮಾತ್ರೆ ಶುರುವಿನ ವಾರಗಳಲ್ಲಿ ಸುಸ್ತು ತರುತ್ತೆ, ನಿಜ. ಕೆಲವರಿಗೆ ನಡೆಯುವಾಗ ನಾಡಿ ಏರಬೇಕಾದಷ್ಟು ಏರುವುದಿಲ್ಲ, ಅದೂ ನಿಜ. ಹಾಗಿದ್ದರೆ ಡೋಸು ಸರಿಮಾಡುವುದು ಡಾಕ್ಟರ ಕೆಲಸ. 1999ರಲ್ಲಿ ಪ್ರಕಟವಾದ ಎರಡು ದೊಡ್ಡ ಪ್ರಯೋಗಗಳಲ್ಲಿ ಈ ಗುಂಪಿನ ಮಾತ್ರೆ ತಗೊಂಡವರಲ್ಲಿ ಸಾವು ಸುಮಾರು ಮೂರನೇ ಒಂದು ಭಾಗ ಕಡಿಮೆಯಾಗಿತ್ತು. ತಾವಾಗಿ ಥಟ್ಟನೆ ನಿಲ್ಲಿಸಿ, ರಾತ್ರಿ ಎಮರ್ಜೆನ್ಸಿಗೆ ಬಂದವರನ್ನು ನಾನೇ ನೋಡಿದ್ದೇನೆ. ಒಂದು ತಿಂಗಳು ಆರಾಮಾಗಿದ್ದರು ಅನ್ನುವುದರಿಂದ ಏನೂ ಸಾಬೀತಾಗುವುದಿಲ್ಲ.

ಇನ್ನು ನಿಮ್ಮ ಪ್ರಶ್ನೆ. ಪಂಪಿಂಗ್ ಅಂತ ನಾವೆಲ್ಲ ಕರೆಯುವ ಆ ಸಂಖ್ಯೆ, ಅಂದರೆ ಇಜೆಕ್ಷನ್ ಫ್ರ್ಯಾಕ್ಷನ್, ಅಪ್ಪ ಮಂಚದ ಮೇಲೆ ಎಡ ಮಗ್ಗುಲಾಗಿ ಮಲಗಿದ್ದಾಗ ಅಳೆದದ್ದು. ಹೃದಯದ ಎಡ ಕೆಳಕೋಣೆಯಲ್ಲಿ ತುಂಬಿದ ರಕ್ತದಲ್ಲಿ ಶೇಕಡಾ ಎಷ್ಟು ಒಂದು ಬಡಿತಕ್ಕೆ ಹೊರಗೆ ಹೋಗುತ್ತೆ ಅಂತ ಅದು ಹೇಳುತ್ತೆ. ಅಪ್ಪ ಎದ್ದು ನಡೆದಾಗ ಏನಾಗುತ್ತೆ ಅಂತ ಹೇಳುವುದಿಲ್ಲ. ಮಲಗಿದ್ದಾಗಿನ ಪಂಪಿಂಗಿಗೂ ನಡೆಯುವ ತಾಕತ್ತಿಗೂ ಸಂಬಂಧ ಬಹಳ ಸಡಿಲ ಅಂತ 1980ರ ದಶಕದಿಂದಲೇ ಗೊತ್ತಿದೆ. 25 ಇದ್ದು ಬಸ್ ಹಿಡಿಯಲು ಬೇಗ ಬೇಗ ನಡೆಯುವವರಿದ್ದಾರೆ, 45 ಇದ್ದು ಸ್ನಾನ ಮಾಡಿ ಬಂದು ಕೂರುವವರಿದ್ದಾರೆ.

ಜರ್ಮನಿಯ ಅಡಾಲ್ಫ್ ಫಿಕ್ 1870ರಲ್ಲೇ ಕೊಟ್ಟ ಸರಳ ಲೆಕ್ಕ ಒಂದಿದೆ. ದೇಹ ಬಳಸುವ ಆಮ್ಲಜನಕ ಅಂದರೆ, ಹೃದಯ ನಿಮಿಷಕ್ಕೆ ಕಳಿಸುವ ರಕ್ತವನ್ನು, ಆ ರಕ್ತದ ಪ್ರತಿ ಲೀಟರಿನಿಂದ ಅಂಗಾಂಗಗಳು ಹೀರಿಕೊಳ್ಳುವ ಆಮ್ಲಜನಕದಿಂದ ಗುಣಿಸಿದಾಗ ಬರುವುದು. ಇದರಲ್ಲಿ ಎರಡು ಭಾಗ ಇದೆ ನೋಡಿ. ಎಕೋ ರಿಪೋರ್ಟು ಮೊದಲನೆಯದರ ಒಂದು ಚೂರನ್ನು ಮಾತ್ರ ತೋರಿಸುತ್ತೆ. ಹೀರಿಕೊಳ್ಳುವ ಕೆಲಸ ನಡೆಯುವುದು ಕಾಲಿನ ಸ್ನಾಯುವಿನಲ್ಲಿ. ನಿಮ್ಮ ಅಪ್ಪ "ತೊಡೆ ಸೋಲುತ್ತೆ" ಅಂದದ್ದು ನೆಪ ಅಲ್ಲ. ಅವರು ತಮ್ಮ ಕಾಯಿಲೆಯನ್ನು ಸರಿಯಾಗಿ ವರ್ಣಿಸುತ್ತಿದ್ದಾರೆ.

ಫೈಲಿನಲ್ಲಿರುವ ಹಾರ್ಟ್ ಫೇಲ್ಯೂರ್, ಅಂದರೆ ಹೃದಯ ವೈಫಲ್ಯ, ಹೃದಯ ನಿಂತಿದೆ ಅಂತಲ್ಲ, ದೇಹಕ್ಕೆ ಬೇಕಾದಷ್ಟು ರಕ್ತ ಕಳಿಸಲು ಅದು ಸೋಲುತ್ತಿದೆ ಅಂತ. ಸ್ನಾಯುವಿನಲ್ಲಿ ಏನಾಗಿರುತ್ತೆ ಅಂದರೆ, ದೀರ್ಘಕಾಲದ ಹೃದಯ ವೈಫಲ್ಯದಲ್ಲಿ ಬೇಗ ದಣಿಯದೆ ಬಹಳ ಹೊತ್ತು ಕೆಲಸ ಮಾಡುವ ಎಳೆಗಳು ಕಡಿಮೆಯಾಗಿ, ಬೇಗ ದಣಿಯುವ ಎಳೆಗಳ ಪಾಲು ಹೆಚ್ಚುತ್ತೆ. ಆಮ್ಲಜನಕದಿಂದ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯ ತಗ್ಗುತ್ತವೆ. ಸಣ್ಣ ರಕ್ತನಾಳಗಳ ಜಾಲ ತೆಳ್ಳಗಾಗುತ್ತೆ. ಸ್ನಾಯು ಸೊರಗುತ್ತೆ. ಎದೆಗೂ ಹೊಟ್ಟೆಗೂ ನಡುವೆ ಇದ್ದು ಉಸಿರು ಎಳೆಯುವ ಸ್ನಾಯು, ವಪೆ, ಅದೂ ಬಲ ಕಳೆದುಕೊಳ್ಳುತ್ತೆ.

ಇದಕ್ಕೆ ಬಲವಾದ ಸಾಕ್ಷಿ ಅಂತ ನನಗನ್ನಿಸುವುದು ಹೃದಯ ಕಸಿ ಮಾಡಿಸಿಕೊಂಡವರು. ಹೊಸ ಹೃದಯ ಬಂದ ಮರುದಿನವೇ ಅವರಿಗೆ ನಡೆಯುವ ಶಕ್ತಿ ಬರುವುದಿಲ್ಲ, ತಿಂಗಳುಗಟ್ಟಲೆ ಬೇಕಾಗುತ್ತೆ. ಹಾಗೇ, ಪಂಪಿಂಗ್ ಬಲಪಡಿಸುವ ಔಷಧಿಯನ್ನು ರಕ್ತನಾಳಕ್ಕೆ ಕೊಟ್ಟು ಪರೀಕ್ಷಿಸಿದಾಗ ಹೃದಯ ಹೆಚ್ಚು ರಕ್ತ ಕಳಿಸಿತು, ಆದರೆ ರೋಗಿ ಆ ಕೂಡಲೇ ಹೆಚ್ಚು ದೂರ ನಡೆಯಲಿಲ್ಲ.

ಎರಡನೇ ಬೆಳೆ

ನನಗೂ ಇದೇ ಕಾಯಿಲೆ, ಏಳು ವರ್ಷ ಆಯ್ತು. ಪಿಜಿ ಡಾಕ್ಟರ್ ಹೇಳಿದ್ದನ್ನು ನಮ್ಮ ಭಾಷೇಲಿ ಹೇಳ್ತೀನಿ ತಂಗಿ, ಅಪ್ಪನಿಗೆ ಓದಿ ಹೇಳು. ಬೋರ್‌ವೆಲ್ ಮೋಟಾರು ಕೆಟ್ಟು ಆರು ತಿಂಗಳು ತೋಟಕ್ಕೆ ನೀರಿಲ್ಲ ಅಂದ್ಕೊ. ಆಮೇಲೆ ಮೋಟಾರು ರಿಪೇರಿ ಆಯ್ತು. ಸ್ವಿಚ್ ಹಾಕಿದ ಕೂಡಲೇ ಗಿಡ ಚಿಗುರುತ್ತಾ? ಡ್ರಿಪ್ ಪೈಪಿನ ತೂತೆಲ್ಲ ಕಟ್ಕೊಂಡಿರುತ್ತೆ, ಬೇರು ಒಣಗಿರುತ್ತೆ. ಅಪ್ಪನ ಮೋಟಾರು 42ಕ್ಕೆ ಬಂದಿದೆ, ಬೇರು ಇನ್ನೂ ಬಂದಿಲ್ಲ.

ಮನಸ್ಸು ಮಾಡ್ತಿಲ್ಲ ಅನ್ನೋ ಮಾತನ್ನು ನಿಮ್ಮಣ್ಣ ಅಪ್ಪನ ಎದುರಿಗೆ ಆಡದ ಹಾಗೆ ನೋಡ್ಕೊಳಮ್ಮ. ನಮ್ಮ ಮನೇಲೂ ಆಡಿದ್ದರು. ತಂಗಿ ಮಗಳ ಮದುವೇಲಿ ಊಟದ ಹಾಲು ಮೊದಲನೇ ಮಹಡೀಲಿತ್ತು. ನಾನು ಹಸಿವಿಲ್ಲ ಅಂತ ಸುಳ್ಳು ಹೇಳಿ ಕೆಳಗೇ ಕೂತಿದ್ದೆ. ಮೆಟ್ಟಿಲ ಮಧ್ಯದಲ್ಲಿ ನಿಂತು ಏದುಸಿರು ಬಿಡೋದನ್ನ ಬೀಗರು ನೋಡಬಾರದು ಅಂತ. ಆಮೇಲೆ ಎಷ್ಟೋ ಕಡೆಗೆ ಹೋಗೋದನ್ನೇ ಬಿಟ್ಟೆ. ಹೋಗದೇ ಇದ್ದಷ್ಟೂ ಕಾಲು ಇನ್ನೂ ಸೊರಗಿತು.

ಹೃದಯ ವಿಭಾಗದ ಪಿಜಿ

ಅಣ್ಣಾ, ಮೋಟಾರಿನ ಹೋಲಿಕೆ ಬಹಳ ಚೆನ್ನಾಗಿದೆ. ಒಂದೇ ಒಂದು ವಿಷಯ ಸೇರಿಸುತ್ತೇನೆ. ಬೇರು ಮೋಟಾರಿಗೆ ಸುದ್ದಿ ಕಳಿಸುವುದಿಲ್ಲ, ಸ್ನಾಯು ಕಳಿಸುತ್ತೆ. ಸೊರಗಿದ ಸ್ನಾಯು ಸ್ವಲ್ಪ ಕೆಲಸಕ್ಕೇ ಮಿದುಳಿಗೆ ಕೂಗಿ ಹೇಳುತ್ತೆ. ಆಗ ಉಸಿರಾಟ ಬೇಕಾದ್ದಕ್ಕಿಂತ ಹೆಚ್ಚಾಗಿ ಏರುತ್ತೆ, ರಕ್ತನಾಳ ಬಿಗಿಯುತ್ತೆ, ಹೃದಯದ ಹೊರೆ ಹೆಚ್ಚುತ್ತೆ. ಅಂದರೆ ಅಪ್ಪನ ಏದುಸಿರಿನ ಒಂದು ಪಾಲು ಶ್ವಾಸಕೋಶದಿಂದಲ್ಲ, ತೊಡೆಯಿಂದಲೇ ಹುಟ್ಟುತ್ತಿರಬಹುದು. 1990ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಆಂಡ್ರ್ಯೂ ಕೋಟ್ಸ್ ಮತ್ತು ಸಂಗಡಿಗರು ಇದನ್ನು ಒಂದು ಸಿದ್ಧಾಂತವಾಗಿ ಮುಂದಿಟ್ಟರು. ನಡೆಸಿ ಸ್ನಾಯು ಪಳಗಿಸಿದರೆ ಈ ಕೂಗು ತಗ್ಗುತ್ತೆ. ವಿಶ್ರಾಂತಿಯಿಂದ ತಗ್ಗುವುದಿಲ್ಲ. ಹಿಂದೆ ವೈದ್ಯರೇ ಈ ರೋಗಿಗಳನ್ನು ವಾರಗಟ್ಟಲೆ ಮಲಗಿಸುತ್ತಿದ್ದರು. ಅಮ್ಮನ ಭಯ ಅಲ್ಲಿಂದ ಬಂದದ್ದು, ಅವರ ತಪ್ಪಲ್ಲ.

ಬೆಳಗಾವಿ ತಮ್ಮ

ನಮ್ಮ ಅವ್ವಂದು ಬ್ಯಾರೆ ಕಥಿ ಐತ್ರಿ. 70 ವರ್ಷ, ಬಿಪಿ, ಸಕ್ಕರಿ ಎರಡೂ ಐತಿ, ತೂಕ 84 ಕೆಜಿ. ಎಕೋದಾಗ ಪಂಪಿಂಗ್ 60 ಬಂದೈತಿ. ಒಂದು ಕಡೆ ಹಾರ್ಟ್ ಛಲೋ ಐತಿ ಅಂತ ಹೇಳಿ ಕಳಿಸಿದ್ರು. ಆದ್ರ ಮಾಳಗಿ ಮ್ಯಾಲ ಹಪ್ಪಳ ಒಣಾ ಹಾಕಾಕ ಹೋದ್ರ ಹತ್ತ ಮೆಟ್ಟಲಕ್ಕ ಮೂರ ಸಲ ನಿಂದರತಾಳ. ಸಂಜೀಮುಂದ ಕಾಲ ಬಾತಿರತಾವ. ವಯಸ್ಸಾತು ಅಂತ ಎಲ್ಲಾರೂ ಅಂತಾರ. ಇದೂ ಅದೇ ರೋಗ ಇರಬಹುದೇನ್ರಿ?

ಹೃದಯ ವಿಭಾಗದ ಪಿಜಿ

ಇರಬಹುದು ತಮ್ಮಾ, ಮತ್ತೆ ತೋರಿಸಲೇಬೇಕು. ಹೃದಯ ವೈಫಲ್ಯ ಇರುವವರಲ್ಲಿ ಸುಮಾರು ಅರ್ಧ ಜನಕ್ಕೆ ಪಂಪಿಂಗ್ ಸರಿಯಾಗಿಯೇ ಇರುತ್ತೆ. ಅವರ ಹೃದಯ ಚೆನ್ನಾಗಿ ಹಿಂಡುತ್ತೆ, ಆದರೆ ಬಿಗಿಯಾಗಿದೆ, ಸಡಿಲಗೊಂಡು ತುಂಬಿಕೊಳ್ಳುವುದಿಲ್ಲ. ಕೂತಾಗ ತೊಂದರೆ ಕಾಣುವುದಿಲ್ಲ. ಮೆಟ್ಟಿಲು ಹತ್ತಿದಾಗ ಒಳಗಿನ ಒತ್ತಡ ಏರಿ ಶ್ವಾಸಕೋಶಕ್ಕೆ ತಟ್ಟುತ್ತೆ. ವಯಸ್ಸಾದ ಹೆಂಗಸರಲ್ಲಿ, ತೂಕ, ಬಿಪಿ, ಸಕ್ಕರೆ ಕಾಯಿಲೆ ಇರುವವರಲ್ಲಿ ಇದು ಜಾಸ್ತಿ. ಅವರ ದೂರನ್ನೇ "ವಯಸ್ಸಾಯ್ತು" ಅಂತ ತಳ್ಳಿಹಾಕುವುದೂ ಜಾಸ್ತಿ. ಇದನ್ನು ನೋಡಿದಾಗೆಲ್ಲ ನನಗೆ ತುಂಬ ಬೇಸರವಾಗುತ್ತೆ.

ಬಿಎನ್‌ಪಿ ಅಥವಾ ಎನ್‌ಟಿ ಪ್ರೊ ಬಿಎನ್‌ಪಿ ಅನ್ನುವ, ಹೃದಯದ ಮೇಲಿನ ಒತ್ತಡ ತೋರಿಸುವ ರಕ್ತಪರೀಕ್ಷೆ ಮಾಡಿಸಬೇಕಾ ಅಂತ ಕೇಳಿ. ತೂಕ ಹೆಚ್ಚಿರುವವರಲ್ಲಿ ಅದು ಕಡಿಮೆ ಬರಬಹುದು, ಅದೊಂದನ್ನೇ ನಂಬಿ ಕೂರಬೇಡಿ. ರಕ್ತಹೀನತೆ, ಥೈರಾಯ್ಡ್, ಶ್ವಾಸಕೋಶ, ಕಿಡ್ನಿ ಇವನ್ನೂ ನೋಡಬೇಕಾಗುತ್ತೆ. 2016ರಲ್ಲಿ ಅಮೆರಿಕದಲ್ಲಿ ಇಂಥದೇ 100 ಜನ ದಪ್ಪಗಿರುವ ಹಿರಿಯರ ಮೇಲೆ ಒಂದು ಪ್ರಯೋಗ ನಡೆಯಿತು. ಊಟದ ಕ್ಯಾಲರಿ ತಗ್ಗಿಸಿದ್ದರಿಂದಲೂ ಶಕ್ತಿ ಏರಿತು, ನಡಿಗೆಯಿಂದಲೂ ಏರಿತು, ಎರಡೂ ಸೇರಿದಾಗ ಇನ್ನೂ ಏರಿತು. ಸಕ್ಕರೆ ಕಾಯಿಲೆಗೆ ಅಂತ ಬಂದ ಎಸ್‌ಜಿಎಲ್‌ಟಿ2 ಗುಂಪಿನ ಮಾತ್ರೆ ಈಗ ಈ ಹೃದಯಕ್ಕೂ ಕೊಡುತ್ತಾರೆ, ಅದನ್ನೂ ಕೇಳಿ. ಹಪ್ಪಳ ಒಣಗಿಸಲಿ, ತಿನ್ನುವುದು ಬೇಡ. ಉಪ್ಪು ಜಾಸ್ತಿ.

ಮೈಸೂರು ಫಿಸಿಯೋ

ತಡವಾಗಿ ಬಂದೆ. ನಾನು ಹೃದ್ರೋಗಿಗಳಿಗೆ ವ್ಯಾಯಾಮ ಮಾಡಿಸುವವಳು. ಎಷ್ಟು, ಹೇಗೆ ಅನ್ನುವುದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಆದರೆ ಶುರು ಮಾಡುವ ಮುಂಚೆ ನಿಮ್ಮ ಡಾಕ್ಟರ ಒಪ್ಪಿಗೆ ಪಡೆಯಿರಿ.

ಮೊದಲು ಅಳೆಯಬೇಕು. ಬಾಯಿಗೆ ಮಾಸ್ಕ್ ಕಟ್ಟಿ ಸೈಕಲ್ ತುಳಿಸಿ ಆಮ್ಲಜನಕ ಲೆಕ್ಕ ಹಾಕುವ ಪರೀಕ್ಷೆ ಎಲ್ಲಕ್ಕಿಂತ ನಿಖರ, ಆದರೆ ಎಲ್ಲ ಊರಲ್ಲೂ ಸಿಗುವುದಿಲ್ಲ. ಅದರ ಬದಲು ಆರು ನಿಮಿಷದ ನಡಿಗೆ ಇದೆ. 30 ಮೀಟರ್ ಸಪಾಟು ವರಾಂಡದಲ್ಲಿ ಹೋಗಿ ಬಂದು ಮಾಡಬೇಕು, ಸುಸ್ತಾದರೆ ನಿಲ್ಲಬಹುದು, ಗಡಿಯಾರ ಮಾತ್ರ ನಿಲ್ಲುವುದಿಲ್ಲ. ಒಟ್ಟು ಎಷ್ಟು ಮೀಟರ್ ಅಂತ ಬರೆದಿಡುತ್ತೇವೆ. 300ರ ಕೆಳಗಿದ್ದರೆ ನಾವು ಹೆಚ್ಚು ಎಚ್ಚರ ವಹಿಸುತ್ತೇವೆ. ಮೊದಲ ಸಲ ಆಸ್ಪತ್ರೆಯಲ್ಲೇ ಮಾಡಿಸಿ.

ಆಮೇಲೆ ನಡಿಗೆ. ಅಪ್ಪ ಮೋರಿಯವರೆಗೆ ಒಂದೇ ಉಸಿರಿಗೆ ಹೋಗಿ, ಸೋತು ಕೂರುತ್ತಿದ್ದಾರೆ. ಇದನ್ನು ತಿರುಗಿಸಿ. ಸೋಲುವ ಮುಂಚೆಯೇ ನಿಲ್ಲಬೇಕು. ಎರಡು ನಿಮಿಷ ನಡೆದು ಒಂದು ನಿಮಿಷ ನಿಲ್ಲಲಿ, ಹೀಗೆ ಐದು ಸಲ. ಮನೆ ಮುಂದಿನ ಸಪಾಟು ರಸ್ತೆ ಸಾಕು. ನಡೆಯುತ್ತಾ ಪೂರ್ತಿ ವಾಕ್ಯ ಮಾತಾಡಲು ಆಗಬೇಕು. ಎರಡು ಪದಕ್ಕೊಮ್ಮೆ ಉಸಿರು ಎಳೆದುಕೊಂಡರೆ ವೇಗ ಜಾಸ್ತಿಯಾಯ್ತು. ಸ್ವೀಡನ್ನಿನ ಗುನ್ನಾರ್ ಬೋರ್ಗ್ ಮಾಡಿದ 6ರಿಂದ 20ರವರೆಗಿನ ಅಳತೆಯಲ್ಲಿ 11ರಿಂದ 13, ಅಂದರೆ "ಹಗುರ" ಮತ್ತು "ಸ್ವಲ್ಪ ಕಷ್ಟ"ದ ನಡುವೆ ಇರಲಿ. ಬೀಟಾ ಬ್ಲಾಕರ್ ಇರುವವರಿಗೆ ನಾಡಿ ಎಣಿಸುವುದಕ್ಕಿಂತ ಇದೇ ಒಳ್ಳೆಯದು. ವಾರ ಕಳೆದಂತೆ ನಡಿಗೆಯನ್ನು ಅರ್ಧ ಅರ್ಧ ನಿಮಿಷ ಹಿಗ್ಗಿಸಿ. ಊಟವಾದ ಕೂಡಲೇ ಬೇಡ, ಉರಿಬಿಸಿಲಲ್ಲಿ ಬೇಡ.

ತೊಡೆಗೆ ಬೇರೆ ಕೆಲಸ ಬೇಕು. ಗಟ್ಟಿಯಾದ ಕುರ್ಚಿಯನ್ನು ಗೋಡೆಗೆ ಆನಿಸಿ, ಎದ್ದು ಕೂರುವುದು. ಐದು ಸಲದಿಂದ ಶುರು. ಏಳುವಾಗ ಉಸಿರು ಬಿಡಬೇಕು, ದಮ್ಮು ಕಟ್ಟಬಾರದು. ನಾನು ನೋಡಿದ ಮಟ್ಟಿಗೆ ಜನ ಬಿಟ್ಟುಬಿಡುವುದು ಇದನ್ನೇ. 2021ರಲ್ಲಿ ಆಸ್ಪತ್ರೆ ಸೇರಿದ್ದ 349 ಹಿರಿಯ ಹೃದಯ ವೈಫಲ್ಯದ ರೋಗಿಗಳ ಮೇಲೆ ಅಮೆರಿಕದಲ್ಲಿ ನಡೆದ ಪ್ರಯೋಗದಲ್ಲಿ ನಡಿಗೆಯ ಜೊತೆ ಬಲ, ಸಮತೋಲ, ಓಡಾಟ ಮೂರನ್ನೂ ಪಳಗಿಸಿದರು. ಅವರ ದೈಹಿಕ ಸಾಮರ್ಥ್ಯ ಸ್ಪಷ್ಟವಾಗಿ ಏರಿತು.

ಇನ್ನೊಂದು. ಕೈ ಕೆಲಸ ಕಾಲಿನ ಕೆಲಸಕ್ಕಿಂತ ಹೃದಯಕ್ಕೆ ಭಾರ. ಅರ್ಧ ಕಿಲೋಮೀಟರ್ ನಿಧಾನಕ್ಕೆ ನಡೆಯಬಲ್ಲವರು ನೀರು ತುಂಬಿದ ಬಕೆಟ್ ಎತ್ತಿದಾಗ, ಬಟ್ಟೆ ಹಿಂಡಿದಾಗ, ಕೈ ಮೇಲೆತ್ತಿ ಒಣಹಾಕಿದಾಗ ಏದುತ್ತಾರೆ. ಬಗ್ಗಿ ರಂಗೋಲಿ ಹಾಕುವಾಗ, ಚಪ್ಪಲಿ ಪಟ್ಟಿ ಹಾಕಿಕೊಳ್ಳುವಾಗ ಅರ್ಧ ನಿಮಿಷದೊಳಗೆ ಉಸಿರು ಕಟ್ಟಿದರೆ ಅದನ್ನು ಡಾಕ್ಟರಿಗೆ ಹೇಳಲೇಬೇಕು. ದೇಹದಲ್ಲಿ ನೀರು ಹೆಚ್ಚಿ, ಹೃದಯದೊಳಗಿನ ಒತ್ತಡ ಏರಿರುವ ಸೂಚನೆ ಇರಬಹುದು.

ಯಾವತ್ತು ನಡೆಯಬಾರದು ಅನ್ನುವುದು ಬಹಳ ಮುಖ್ಯ. ದಿನಾ ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದು, ತಿಂಡಿಗೆ ಮುಂಚೆ ತೂಕ ನೋಡಿ ಕ್ಯಾಲೆಂಡರಿನಲ್ಲಿ ಬರೆಯಿರಿ. ಮೂರು ದಿನದಲ್ಲಿ 2 ಕೆಜಿ ಏರಿದರೆ, ಕಾಲು ಬಾತರೆ, ರಾತ್ರಿ ದಿಂಬು ಎತ್ತರ ಮಾಡಿದರೂ ಉಸಿರು ಕಟ್ಟಿದರೆ, ಕೂತಲ್ಲೇ ಏದಿದರೆ, ಜ್ವರ ಇದ್ದರೆ ಆ ದಿನ ವ್ಯಾಯಾಮ ಬೇಡ, ಡಾಕ್ಟರಿಗೆ ಫೋನ್ ಮಾಡಿ. ಎದೆನೋವು ಬಂದರೆ, ಕಣ್ಣು ಕತ್ತಲೆ ಬಂದರೆ ಫೋನಿಗೆ ಕಾಯದೆ ಆಸ್ಪತ್ರೆಗೆ ಹೋಗಿ.

ತಿಪಟೂರಿನ ಮಗಳು

ಕೂತು ಎರಡು ಸಲ ಓದಿದೆ. ಅಪ್ಪನಿಗೆ ಮೋಟಾರಿನ ಮಾತು ಓದಿ ಹೇಳಿದಾಗ ಅವರು ಅಮ್ಮನ ಕಡೆ ತಿರುಗಿ, "ನಾ ಹೇಳಿರಲಿಲ್ವಾ, ಕಾಲಲ್ಲಿ ಇರೋದು ಅಂತ" ಅಂದರು. ಎರಡು ವರ್ಷದಲ್ಲಿ ಅವರ ದನಿ ಅಷ್ಟು ಗಟ್ಟಿಯಾಗಿ ಕೇಳಿದ್ದೇ ಇಲ್ಲ. ಅಣ್ಣನಿಗೆ ಲಿಂಕ್ ಕಳಿಸಿದೀನಿ, ಉತ್ತರ ಬಂದಿಲ್ಲ.

ಇನ್ನೂ ಎರಡು ಕೇಳಬೇಕು. ಹೀಗೆ ನಡೆಸೋದು ಅಪಾಯ ಅಲ್ಲ ಅಂತ ಅಮ್ಮನಿಗೆ ಹೇಗೆ ಧೈರ್ಯ ಹೇಳಲಿ? ಮತ್ತೆ ಅಪ್ಪನಿಗೆ ಹಿಮೋಗ್ಲೋಬಿನ್ 12.8 ಇದೆ, ರಕ್ತ ಕಮ್ಮಿ ಅಂತ ಯಾರೋ ಕಬ್ಬಿಣದ ಮಾತ್ರೆ ತಗೊಳ್ಳೋಕೆ ಹೇಳಿದಾರೆ. ಕೊಡಬಹುದಾ?

ಹೃದಯ ವಿಭಾಗದ ಪಿಜಿ

ಅಮ್ಮನಿಗೆ ಇದನ್ನು ಹೇಳಿ. ಪಂಪಿಂಗ್ 35 ಅಥವಾ ಅದಕ್ಕಿಂತ ಕಡಿಮೆ ಇದ್ದ 2331 ಜನರ ಮೇಲೆ ಅಮೆರಿಕ, ಕೆನಡಾ, ಫ್ರಾನ್ಸಿನಲ್ಲಿ ನಡೆದ ದೊಡ್ಡ ಪ್ರಯೋಗದ ಫಲಿತಾಂಶ 2009ರಲ್ಲಿ ಬಂತು. ಎಲ್ಲರಿಗೂ ಅಪ್ಪನಿಗಿಂತ ಸೋತ ಹೃದಯ. ಮೊದಲು 36 ಸಲ ಆಸ್ಪತ್ರೆಯಲ್ಲಿ, ಆಮೇಲೆ ಮನೆಯಲ್ಲಿ ವ್ಯಾಯಾಮ. ವ್ಯಾಯಾಮ ಸುರಕ್ಷಿತ ಅಂತ ಕಂಡಿತು, ದಿನನಿತ್ಯದ ಬದುಕು ಸುಧಾರಿಸಿತು. ಸಾವು ಮತ್ತು ಆಸ್ಪತ್ರೆ ಸೇರುವುದು ದೊಡ್ಡದಾಗಿ ತಗ್ಗಿತು ಅಂತ ನಾನು ಹೇಳಲಾರೆ, ಅಲ್ಲಿ ಸಿಕ್ಕ ಲಾಭ ಸಣ್ಣದು. ಅವರಲ್ಲಿ ಬಹಳ ಜನ ಹೇಳಿದಷ್ಟು ವ್ಯಾಯಾಮ ಮಾಡಲೇ ಇಲ್ಲ ಅನ್ನುವುದೂ ಸೇರಿಕೊಂಡಿದೆ.

ಕಬ್ಬಿಣದ ವಿಷಯ ಕೇಳಿದ್ದು ಒಳ್ಳೆಯದಾಯ್ತು. ಈ ಕಾಯಿಲೆಯಲ್ಲಿ ಹಿಮೋಗ್ಲೋಬಿನ್ ಒಂದೇ ನೋಡಿದರೆ ಸಾಲದು. ದೇಹದಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಅಂತ ತೋರಿಸುವ ಫೆರಿಟಿನ್, ರಕ್ತದಲ್ಲಿ ಸಾಗುತ್ತಿರುವ ಕಬ್ಬಿಣ ಸಾಕಾ ಅಂತ ತೋರಿಸುವ ಟ್ರಾನ್ಸ್‌ಫೆರಿನ್ ಸ್ಯಾಚುರೇಷನ್, ಈ ಎರಡು ರಕ್ತಪರೀಕ್ಷೆಗಳನ್ನೂ ಮಾಡಿಸಿ. ಫೆರಿಟಿನ್ 100ರ ಕೆಳಗಿದ್ದರೆ, ಅಥವಾ 100ರಿಂದ 299ರ ನಡುವೆ ಇದ್ದು ಸ್ಯಾಚುರೇಷನ್ ಶೇ. 20ಕ್ಕಿಂತ ಕಡಿಮೆ ಇದ್ದರೆ ಕಬ್ಬಿಣದ ಕೊರತೆ ಅಂತ ಲೆಕ್ಕ, ರಕ್ತಹೀನತೆ ಇಲ್ಲದಿದ್ದರೂ. ಸ್ನಾಯುವಿನ ಮೈಟೊಕಾಂಡ್ರಿಯಕ್ಕೂ ಕಬ್ಬಿಣ ಬೇಕು. 2009ರ ಪ್ರಯೋಗವೊಂದರಲ್ಲಿ ರಕ್ತನಾಳದ ಮೂಲಕ ಕೊಟ್ಟ ಕಬ್ಬಿಣದಿಂದ 459 ರೋಗಿಗಳ ಗುಂಪಿನಲ್ಲಿ ನಡಿಗೆಯ ದೂರ ಹೆಚ್ಚಿತು. 2017ರಲ್ಲಿ ಮಾತ್ರೆ ಕೊಟ್ಟು ನೋಡಿದರು, ಶಕ್ತಿ ಏರಲಿಲ್ಲ. ಆದ್ದರಿಂದ ಅಂಗಡಿಯಿಂದ ಮಾತ್ರೆ ತಂದು ನುಂಗಿಸಬೇಡಿ, ಪರೀಕ್ಷೆ ಮಾಡಿಸಿ ಡಾಕ್ಟರಿಗೆ ತೋರಿಸಿ.

ಬರ್ಮಿಂಗ್‌ಹ್ಯಾಮ್ ಕನ್ನಡತಿ

ನಾನಿಲ್ಲಿ ವಾರ್ಡ್ ನರ್ಸ್. ಇಲ್ಲಿಯೂ ಎಲ್ಲರೂ ವ್ಯಾಯಾಮ ಕೇಂದ್ರಕ್ಕೆ ಬರುವುದಿಲ್ಲ. ದೂರ, ಚಳಿ, ಸಂಕೋಚ. ಅದಕ್ಕೇ ಬ್ರಿಟನ್ನಿನಲ್ಲಿ ರೀಚ್ ಎಚ್‌ಎಫ್ ಅಂತ 12 ವಾರದ ಕಾರ್ಯಕ್ರಮ ರೂಪಿಸಿ, 216 ರೋಗಿಗಳ ಮೇಲೆ ಪರೀಕ್ಷಿಸಿದರು. ಎಲ್ಲ ಮನೆಯಲ್ಲೇ. ಕುರ್ಚಿ ಮೇಲೆ ಕೂತು ಮಾಡುವ ವ್ಯಾಯಾಮ ಅಥವಾ ನಡಿಗೆ, ನಡುನಡುವೆ ತರಬೇತಿ ಪಡೆದವರ ಭೇಟಿ, ಫೋನು. ಅವರ ಜೀವನದ ಗುಣಮಟ್ಟ ಸುಧಾರಿಸಿತು. ನನಗೆ ಅದರಲ್ಲಿ ಬಹಳ ಹಿಡಿಸಿದ್ದು, ನೋಡಿಕೊಳ್ಳುವವರಿಗೂ ಬೇರೆ ಕೈಪಿಡಿ ಇದ್ದದ್ದು. ನಿಮ್ಮ ಅಮ್ಮನನ್ನು ಒಪ್ಪಿಸುವುದಕ್ಕಿಂತ ಅವರನ್ನು ಜೊತೆಗೆ ಸೇರಿಸಿಕೊಳ್ಳಿ. ಗಡಿಯಾರ ಅವರ ಕೈಲಿರಲಿ. ನಿಲ್ಲಿ ಅಂತ ಹೇಳುವ ಅಧಿಕಾರವೂ ಅವರದೇ ಆಗಲಿ.

ತಿಪಟೂರಿನ ಮಗಳು

ಹತ್ತು ವಾರ ಆಯ್ತು, ಬರೆಯಲೇಬೇಕು ಅನ್ನಿಸಿತು. ಡಾಕ್ಟರು ಒಪ್ಪಿದರು. ಆಸ್ಪತ್ರೆಯಲ್ಲಿ ಆರು ನಿಮಿಷಕ್ಕೆ ಮೊದಲ ಸಲ 270 ಮೀಟರ್ ಬಂದಿತ್ತು, ಮೊನ್ನೆ 335. ಫೆರಿಟಿನ್ 61 ಇತ್ತು, ಎರಡು ಸಲ ಡ್ರಿಪ್ಪಿನಲ್ಲಿ ಕಬ್ಬಿಣ ಕೊಟ್ಟರು. ಯಾವುದರಿಂದ ಎಷ್ಟು ಅಂತ ನಂಗೊತ್ತಿಲ್ಲ. ನಡುವೆ ಒಂದು ವಾರ ಹಬ್ಬದೂಟ ಮಾಡಿ ತೂಕ ಎರಡೂವರೆ ಕೆಜಿ ಏರಿತ್ತು. ಕ್ಯಾಲೆಂಡರ್ ನೋಡಿ ಅಮ್ಮನೇ ಹಿಡಿದರು. ಡಾಕ್ಟರು ಮೈಯಲ್ಲಿನ ನೀರು ಇಳಿಸೋ ಮಾತ್ರೆ ಹೆಚ್ಚಿಸಿದರು, ನಾಲ್ಕು ದಿನ ನಡಿಗೆ ಇಲ್ಲ.

ಅಣ್ಣ ಬೆಂಗಳೂರಿಂದ ಬಂದು ಒಂದು ಸಂಜೆ ಅಪ್ಪನ ಜೊತೆ ಹೊರಟ. ಎರಡು ನಿಮಿಷ ನಡೆಯೋದು, ನಿಲ್ಲೋದು. ಅಮ್ಮ ಹಿಂದೆ ಮೊಬೈಲಲ್ಲಿ ಟೈಮ್ ನೋಡ್ಕೊಂಡು ಬರ್ತಿದ್ದರು. ಮೋರಿ ಹತ್ತಿರ ಅಪ್ಪ ನಿಂತರು, ಕೂರಲಿಲ್ಲ. ಅಲ್ಲಿಂದ ತೋಟಕ್ಕೆ ಹೋಗಿ ಮೊದಲ ಸಾಲಿನ ಮರಗಳನ್ನ ತಲೆ ಎತ್ತಿ ನೋಡಿ, "ಈ ಮರಕ್ಕೆ ನುಸಿ ಹತ್ತಿದೆ, ಯಾರೂ ನೋಡೇ ಇಲ್ವಲ್ಲೋ" ಅಂತ ಅಣ್ಣನಿಗೆ ಬೈದರು. ಅಣ್ಣ ಸುಮ್ನೆ ನಿಂತು ಬೈಸಿಕೊಂಡ.

ಈಗ ಅವರಿಗೆ ಗುದ್ದಲಿ ಹಿಡಿಯೋ ಆಸೆ ಬಂದಿದೆ. ಬೇಡ ಅಂದ್ರೆ ಕೇಳಲ್ಲ. ಫಿಸಿಯೋ ಅಕ್ಕಾ, ಏನು ಹೇಳಲಿ?

ಮೈಸೂರು ಫಿಸಿಯೋ

ಓದಿ ಕಣ್ಣು ತುಂಬಿ ಬಂತು. ಗುದ್ದಲಿ ಈಗ ಬೇಡ. ಅದು ಕೈ ಎತ್ತಿ, ದಮ್ಮು ಹಿಡಿದು ಮಾಡುವ ಕೆಲಸ. ಎರಡು ಅರ್ಧ ಲೀಟರ್ ನೀರಿನ ಬಾಟಲಿ ಕೊಡಿ. ಕುರ್ಚಿ ಮೇಲೆ ಕೂತು, ಮೊಣಕೈ ಮಡಚಿ ಎತ್ತಿ ಇಳಿಸಲಿ, ಎತ್ತುವಾಗ ಉಸಿರು ಬಿಡಲಿ, ಹತ್ತು ಸಲ, ದಿನ ಬಿಟ್ಟು ದಿನ. ತೋಟದಲ್ಲಿ ನಿಂತು ಮಾಡುವ ಹಗುರ ಕೆಲಸ ಮಾಡಲಿ, ಬಿದ್ದ ಕಾಯಿ ಆರಿಸುವುದು ಬೇರೆಯವರಿಗಿರಲಿ, ಅದಕ್ಕೆ ಬಗ್ಗಬೇಕಾಗುತ್ತೆ. ಆರು ವಾರ ಬಿಟ್ಟು ಡಾಕ್ಟರಿಗೆ ತೋರಿಸುವಾಗ ಗುದ್ದಲಿಯ ವಿಷಯ ಅಪ್ಪನೇ ಬಾಯಿ ಬಿಟ್ಟು ಕೇಳಲಿ.